ಅಪಸ್ಮಾರದ ಚಿಕಿತ್ಸೆ: ಒಂದು ಔಷಧವೊ, ಎರಡೊ?

ಅಪಸ್ಮಾರಕ್ಕೆ ಔಷಧಗಳನ್ನು ಕೂಡಿಸಿ ಕೊಡುವುದು ಮೇಲೊ, ಒಂದನ್ನೇ ಕೊಡುವುದು ಮೇಲೊ ಎಂಬ ಪ್ರಶ್ನೆಯನ್ನು ವೈದ್ಯರು ಬಹುಕಾಲದಿಂದ ವಿವೇಚಿಸುತ್ತ ಬಂದಿದ್ದಾರೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಯ ಬೆಟ್ಟಸೀಮೆಯನ್ನು ಕಣ್ಣ ಮುಂದಿರಿಸಿಕೊಂಡು ಅದೇ ಪ್ರಶ್ನೆಯನ್ನು ಚರಿತ್ರೆಯ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

1857ರಲ್ಲಿ ಲಂಡನ್ನಿನ ಲೋಕಾಕ್ ಬ್ರೋಮೈಡಿನ ಗುಣವನ್ನು ತಿಳಿಸಿದನು. 1912ರಲ್ಲಿ ಜರ್ಮನಿಯ ಹಾಪ್ಟ್‌ಮನ್ ಫಿನೋಬಾರ್ಬಿಟಾಲನ್ನೂ, 1938ರಲ್ಲಿ ಅಮೆರಿಕದ ಮೆರಿಟ್ ಮತ್ತು ಪಟ್ನಮರು ಫೆನಿಟೋಯಿನನ್ನೂ ಬಳಕೆಗೆ ತಂದರು. ಒಂದು ಸಾಲದಿದ್ದರೆ ಇನ್ನೊಂದನ್ನು ಸೇರಿಸುವ ರೂಢಿ ಬೆಳೆದದ್ದು ಆ ಬಳಿಕ. ಅದು ಪ್ರಮಾಣಗಳಿಂದ ನೆಲೆಗೊಂಡ ಸಿದ್ಧಾಂತವೆನ್ನುವುದಕ್ಕಿಂತ ಅಭ್ಯಾಸಬಲವೆಂದು ಹೇಳುವುದೇ ಸರಿ. ಫಿನೋಬಾರ್ಬಿಟಾಲು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಜೊತೆಯ ಔಷಧದ ಪ್ರಮಾಣವನ್ನು ಏರುಪೇರು ಮಾಡಬಲ್ಲದು. ರೋಗಿಗೆ ಮಂಪರು ಕವಿದರೆ ಅದು ಯಾವುದರ ಫಲವೆಂದು ನಿರ್ಣಯಿಸುವುದೂ ಕಷ್ಟ. 1970ರ ದಶಕದಲ್ಲಿ ಲಂಡನ್ನಿನ ರೆನಾಲ್ಡ್ಸ್ ಮೊದಲಾದವರು ಹೊಸ ರೋಗಿಗಳಲ್ಲಿ ಬಹುಮಂದಿಗೆ ಒಂದೇ ಔಷಧ ಸಾಕೆಂದು ತೋರಿಸಿದರು. 2000ದಲ್ಲಿ ಗ್ಲ್ಯಾಸ್ಗೋ ನಗರದಿಂದ ಹೊರಟ ವರದಿಯ ಅಂಕಿಗಳು ಇನ್ನೂ ಸ್ಪಷ್ಟ: ಹಿಂದೆ ಔಷಧವನ್ನೇ ಕಾಣದಿದ್ದ 470 ಮಂದಿಯಲ್ಲಿ ಶೇಕಡ 47 ಮಂದಿಗೆ ಮೊದಲನೆಯ ಔಷಧದಿಂದಲೇ ಸೆಳವು ನಿಂತಿತು, ಎರಡನ್ನು ಕೂಡಿಸಿದಾಗ ನಿಂತದ್ದು ಶೇಕಡ 3 ಮಂದಿಗೆ ಮಾತ್ರ.

ಗ್ಲ್ಯಾಸ್ಗೋವಿನ ಲೆಕ್ಕ ನಮ್ಮ ಹಳ್ಳಿಗಳಿಗೆ ಅನ್ವಯಿಸುವುದೆ? ಇದಕ್ಕೆ ಕರ್ನಾಟಕದಲ್ಲಿಯೇ ಉತ್ತರದ ಸುಳಿವು ಉಂಟು. ಬೆಂಗಳೂರಿನ ನರರೋಗತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಈಗ ಚಾಮರಾಜನಗರ ಜಿಲ್ಲೆಗೆ ಸೇರಿರುವ ಯಳಂದೂರಿನಲ್ಲಿ ಮನೆಮನೆಗೆ ಹೋಗಿ 64,963 ಜನರನ್ನು ವಿಚಾರಿಸಿದರು. ರೋಗಿಗಳಿಗೆ ಅಗ್ಗದ ಔಷಧಗಳಾದ ಫಿನೋಬಾರ್ಬಿಟಾಲು ಅಥವಾ ಫೆನಿಟೋಯಿನನ್ನು, ಕೆಲವರಿಗೆ ಎರಡನ್ನೂ ಕೊಟ್ಟು ವರ್ಷಗಟ್ಟಲೆ ಅನುಸರಿಸಿ ನೋಡಿದರು. ಫಲಿತಾಂಶ 2001ರ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅದು ಕಡಿಮೆ ವೆಚ್ಚದ ಚಿಕಿತ್ಸಾಕ್ರಮದ ಪರೀಕ್ಷೆಯೇ ಹೊರತು ಔಷಧಗಳ ಸ್ಪರ್ಧೆಯಲ್ಲ. ಆದರೂ ಚಿಕಿತ್ಸೆಗೆ ಮುನ್ನ ಕಡಿಮೆ ಸಲ ಸೆಳವು ಬಂದಿದ್ದವರೇ ಹೆಚ್ಚು ಗುಣ ಕಂಡರೆಂಬ ಅದರ ನಿರ್ಣಯ, ಔಷಧ ಎಷ್ಟೆಂಬುದಕ್ಕಿಂತ ಎಷ್ಟು ಬೇಗ ದೊರೆಯಿತೆಂಬುದರ ಕಡೆಗೆ ನಮ್ಮ ಗಮನವನ್ನು ಸೆಳೆಯುತ್ತದೆ.

ಬಿಸಿನೀರು ತಲೆಗೆ ಬಿದ್ದಾಗ ಬರುವ ಅಪಸ್ಮಾರವನ್ನು 1968ರಲ್ಲಿ ವರದಿ ಮಾಡಿದವರಲ್ಲಿಯೂ ಮಣಿಯವರೇ ಮುಖ್ಯರು. ಹಂಡೆಯ ನೀರು ಕಾದೇ ಇರುವ ಮಲೆನಾಡಿನ ಬಚ್ಚಲುಮನೆಗೂ ಸಲ್ಲುವ ಮಾತು ಇದು: ಅಲ್ಲಿ ಎರಡನೆಯ ಔಷಧಕ್ಕಿಂತ ಮೊದಲು ನೀರಿನ ಕಾವನ್ನು ತಗ್ಗಿಸಬೇಕು.

ಇನ್ನು ಬೆಟ್ಟಸೀಮೆಯ ವಿಚಾರ. 1951ರ ತೋಟಕಾರ್ಮಿಕರ ಕಾಯಿದೆಯು ತೋಟಗಳಲ್ಲಿ ವೈದ್ಯಸೌಕರ್ಯವಿರಬೇಕೆಂದು ವಿಧಿಸಿತು. ಆದರೆ ಹಣ್ಣಿನ ಕೊಯ್ಲಿಗೆಂದು ಬಂದು ಕೆಲವೇ ತಿಂಗಳಲ್ಲಿ ಮರಳುವ ಆಳಿಗೆ ವರ್ಷವಿಡೀ ನಿಲ್ಲದ ಔಷಧವನ್ನು ಒದಗಿಸುವುದು ಬೇರೆಯೇ ಮಾತು. ಸಿಲ್ವರ್ ಮರಕ್ಕೆ ಏಣಿಯಿಟ್ಟು ಮೆಣಸು ಕೊಯ್ಯುವವನಿಗೆ ಒಂದೇ ಒಂದು ಸೆಳವು ಪ್ರಾಣಾಂತಿಕವಾಗಬಹುದು. ಎರಡು ಔಷಧಗಳ ಮಂಪರೂ ಅವನಿಗೆ ಅಪಾಯವೇ. ಫಿನೋಬಾರ್ಬಿಟಾಲನ್ನು ಹಠಾತ್ತನೆ ನಿಲ್ಲಿಸಿದರಂತೂ ಸೆಳವಿನ ಮೇಲೆ ಸೆಳವು ಬರುವ ಸಂಭವವುಂಟು. ಮಳೆಗಾಲದಲ್ಲಿ ಭದ್ರೆ ಉಕ್ಕಿ ಕಳಸದ ಬಳಿಯ ಹೆಬ್ಬಾಳೆಯ ಸೇತುವೆ ಮುಳುಗಿದಾಗ ಹೊರನಾಡಿನ ದಾರಿ ಕಟ್ಟುತ್ತದೆ. 2019ರ ಆಗಸ್ಟಿನಲ್ಲಿ ಮೂಡಿಗೆರೆಯ ಕಡೆ ಗುಡ್ಡಗಳೇ ಕುಸಿದವು. ಇಂಥ ಸೀಮೆಯಲ್ಲಿ ಒಂದೇ ಔಷಧದಿಂದ ಸೆಳವು ನಿಲ್ಲುವವನಿಗೆ ಎರಡನೆಯದನ್ನು ಬರೆದುಕೊಡುವುದು ನಮಗೆ ಸಮ್ಮತವಲ್ಲ. ನಿಲ್ಲದವನಿಗೆ ಬರೆಯಲೇಬೇಕಾದಲ್ಲಿ, ಮಳೆ ಹಿಡಿಯುವ ಮೊದಲೇ ಎರಡು ತಿಂಗಳ ಗುಳಿಗೆ ಅವನ ಮನೆಯಲ್ಲಿರಬೇಕು.