ಮನೆ ಬ್ರಾಡ್‌ಬ್ಯಾಂಡ್: ಕೇಬಲ್ ಮತ್ತು ದೂರವಾಣಿ ತಂತಿಗಳ ಪೈಪೋಟಿ (ಕರ್ನಾಟಕ)

ಮನೆಗಳಿಗೆ ವೇಗದ ಇಂಟರ್ನೆಟ್ ಒದಗಿಸಲು ಟಿವಿ ಕೇಬಲ್ ಜಾಲಕ್ಕೂ ದೂರವಾಣಿ ತಂತಿಗೂ ನಡೆದ ಸ್ಪರ್ಧೆ. ಬೆಂಗಳೂರಿನಲ್ಲಿ ಇದು ನೇರ ಹಣಾಹಣಿ. ಯಾದಗಿರಿ ಜಿಲ್ಲೆಯ ಸುರಪುರಕ್ಕೆ ಅಂಟಿಕೊಂಡ ರಂಗಂಪೇಟೆಯಂಥ ಕಡೆಗಳ ಕಥೆ ಬೇರೆ.

ಭಾರತಕ್ಕೆ ಸಾರ್ವಜನಿಕ ಇಂಟರ್ನೆಟ್ 1995ರ ಆಗಸ್ಟ್ 15ರಂದು ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮೂಲಕ ಬಂತು. 1998ರಲ್ಲಿ ಖಾಸಗಿಯವರಿಗೂ ಬಾಗಿಲು ತೆರೆಯಿತು. ಡಯಲ್‌ಅಪ್ ಕಾಲದಲ್ಲಿ ನೆಟ್ ಹಚ್ಚಿದರೆ ಫೋನ್ ಎಂಗೇಜ್.

ನಿರ್ಣಾಯಕ ವರ್ಷ 2004. ಆ ಅಕ್ಟೋಬರಿನ ಬ್ರಾಡ್‌ಬ್ಯಾಂಡ್ ನೀತಿ ಕನಿಷ್ಠ ವೇಗವನ್ನು ಸೆಕೆಂಡಿಗೆ 256 ಕಿಲೋಬಿಟ್ ಎಂದು ಗೊತ್ತುಮಾಡಿತು. ಮನೆಗೆ ಹೋಗುವ ತಾಮ್ರದ ತಂತಿಯನ್ನು ಇತರ ಕಂಪನಿಗಳಿಗೂ ಬಿಟ್ಟುಕೊಡಬೇಕೆಂಬ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ಶಿಫಾರಸನ್ನು ಮಾತ್ರ ಸರ್ಕಾರ ಒಪ್ಪಲಿಲ್ಲ. ನೀತಿಯ ಬಗ್ಗೆ ಬರೆಯುವವರು ವೇಗದ ಅಂಕಿಯನ್ನೇ ಹಿಡಿದು ಕೂರುತ್ತಾರೆ. ಹೆಚ್ಚು ಪರಿಣಾಮ ಬೀರಿದ್ದು ಈ ನಿರಾಕರಣೆ. ಸರ್ಕಾರಿ ದೂರವಾಣಿ ನಿಗಮ ಬಿಎಸ್‌ಎನ್‌ಎಲ್ 2005ರ ಜನವರಿಯಲ್ಲಿ ತನ್ನದೇ ತಂತಿಯ ಮೇಲೆ ಡೇಟಾಒನ್ ಎಂಬ ಬ್ರಾಡ್‌ಬ್ಯಾಂಡ್ ಸೇವೆ ಆರಂಭಿಸಿತು. ಏರ್‌ಟೆಲ್ ಬೆಂಗಳೂರಿನಲ್ಲಿ ಸ್ವಂತ ತಂತಿ ಹಾಕಿಕೊಂಡಿತ್ತು. ಅಷ್ಟು ಬಂಡವಾಳ ಇಲ್ಲದವರಿಗೆ ಉಳಿದದ್ದು ಬೀದಿಯ ಕೇಬಲ್ ಆಪರೇಟರ್.

ದಾಖಲೆಗಳು ಗೋಜಲಾಗುವುದು ಇಲ್ಲಿಂದ. ಟಿವಿ ಕೇಬಲ್ ಜಾಲವನ್ನು ಕಟ್ಟಿದ್ದು ಕಂಟ್ರೋಲ್ ರೂಮಿನಿಂದ ಮನೆಗೆ ಚಿತ್ರ ಕಳಿಸಲು ಮಾತ್ರ. ಮರಳಿ ಸಂಕೇತ ಬರಬೇಕಾದರೆ ದಾರಿಯುದ್ದಕ್ಕೂ ಆಂಪ್ಲಿಫೈಯರ್ ಬದಲಿಸಬೇಕು. ಹಾತ್‌ವೇಯಂಥ ದೊಡ್ಡವರು ಮಹಾನಗರಗಳಲ್ಲಿ ಅದನ್ನು ಮಾಡಿ ಕೇಬಲ್ ಮೋಡೆಮ್ ಕೊಟ್ಟರು. ಸಿಫಿಯಂಥ ಕಂಪನಿಗಳ ಜತೆ ಸೇರಿದ ಸಣ್ಣ ಆಪರೇಟರುಗಳು ಟಿವಿ ತಂತಿಯ ಗೊಡವೆಗೇ ಹೋಗದೆ, ತಾರಸಿಯಿಂದ ತಾರಸಿಗೆ ಪ್ರತ್ಯೇಕ ಲ್ಯಾನ್ ವೈರ್ ಎಳೆದರು. ಬಳಕೆದಾರರ ಬಾಯಲ್ಲಿ ಎರಡೂ ‘ಕೇಬಲ್ ನೆಟ್’. ಟ್ರಾಯ್ ವರದಿಗಳಲ್ಲಿ ಎರಡಕ್ಕೂ ಬೇರೆ ಬೇರೆ ಸಾಲು. ಕೇಬಲ್ ಮೋಡೆಮ್ ಸಾಲನ್ನಷ್ಟೇ ನೋಡಿದರೆ ಆಪರೇಟರುಗಳ ಪಾತ್ರ ಕುಗ್ಗಿ ಕಾಣುತ್ತದೆ, ಲ್ಯಾನ್ ಸಾಲನ್ನು ಪೂರ್ತಿ ಸೇರಿಸಿದರೆ ಉಬ್ಬುತ್ತದೆ. ಬೆಂಗಳೂರಿನಲ್ಲಿ 2000ದಲ್ಲಿ ಹುಟ್ಟಿದ ಆಕ್ಟ್ (ಏಟ್ರಿಯಾ ಕನ್ವರ್ಜೆನ್ಸ್ ಟೆಕ್ನಾಲಜೀಸ್) ಕೇಬಲ್ ಟಿವಿಯಿಂದ ಬೆಳೆದು ಫೈಬರಿಗೆ ದಾಟಿದ್ದರಿಂದ ಅದನ್ನು ಯಾವ ಪಂಗಡಕ್ಕೆ ಸೇರಿಸಬೇಕೆಂಬುದೂ ತಕರಾರಿನ ವಿಷಯ.

ಯಾದಗಿರಿ ಭಾಗದ ಲೆಕ್ಕ ಹುಡುಕುವವರಿಗೆ ಇನ್ನೊಂದು ತೊಡಕಿದೆ. ಜಿಲ್ಲೆ ರಚನೆಯಾದದ್ದು 2009ರ ಕೊನೆಗೆ; ಅದಕ್ಕೂ ಹಿಂದಿನ ಸುರಪುರ, ರಂಗಂಪೇಟೆಯ ದೂರವಾಣಿ ಅಂಕಿಗಳು ಗುಲಬರ್ಗಾದ ಮೊತ್ತದೊಳಗೆ ಸೇರಿವೆ. ಇಂಥ ಊರುಗಳಲ್ಲಿ ಡಿಎಸ್‌ಎಲ್‌ಗೆ (ದೂರವಾಣಿ ತಂತಿಯ ಬ್ರಾಡ್‌ಬ್ಯಾಂಡ್) ಎದುರಾಳಿಗಿಂತ ದೊಡ್ಡ ತೊಡಕು ದೂರ: ಎಕ್ಸ್‌ಚೇಂಜಿನಿಂದ ಕಿಲೋಮೀಟರುಗಳು ಹೆಚ್ಚಿದಂತೆ ವೇಗ ಇಳಿಯುತ್ತದೆ. ಕೇಬಲ್ ಟಿವಿ ಡಿಜಿಟಲ್ ಆದದ್ದೂ (ಬೆಂಗಳೂರು, ಮೈಸೂರಿಗೆ 2013ರ ಮಾರ್ಚ್ ಗಡುವು, ಇತರೆಡೆ ಆಮೇಲೆ) ಈ ಚಿತ್ರವನ್ನು ಬದಲಿಸಲಿಲ್ಲ. ಸೆಟ್‌ಟಾಪ್ ಬಾಕ್ಸ್ ಬಂದರೂ ಜಾಲ ಏಕಮುಖವೇ.

2016ರಲ್ಲಿ ಜಿಯೊ ಬಂದ ಮೇಲೆ ಮೊಬೈಲ್ ಇಂಟರ್ನೆಟ್ ಕೇಬಲ್, ದೂರವಾಣಿ ತಂತಿ ಎರಡಕ್ಕಿಂತಲೂ ಬಹಳ ಮುಂದೆ ಹೋಯಿತು. 2018ರಲ್ಲಿ ಜಿಯೊದ ಒಡೆಯ ರಿಲಯನ್ಸ್, ಹಾತ್‌ವೇ ಮತ್ತು ಡೆನ್ ಎಂಬ ಕೇಬಲ್ ಕಂಪನಿಗಳ ಹೆಚ್ಚಿನ ಪಾಲು ಕೊಳ್ಳಲು ಮುಂದಾಯಿತು. ಬಿಎಸ್‌ಎನ್‌ಎಲ್ ತನ್ನ ಫೈಬರ್ ಸಂಪರ್ಕಕ್ಕೆ ಆದಾಯ ಹಂಚಿಕೆಯ ಮೇಲೆ ಸ್ಥಳೀಯ ಕೇಬಲ್ ಆಪರೇಟರುಗಳನ್ನೇ ಪಾಲುದಾರರಾಗಿ ಸೇರಿಸಿಕೊಂಡಿತು. ಬಿಲ್ ನಿಗಮದ್ದು, ಮನೆವರೆಗೆ ಫೈಬರ್ ಎಳೆಯುವುದು, ಕಡಿದರೆ ಜೋಡಿಸುವುದು ಆಪರೇಟರನ ಪಾಲಿಗೆ. ಲೆಕ್ಕದಲ್ಲಿ ಇಂಥ ಚಂದಾದಾರರು ಬಿಎಸ್‌ಎನ್‌ಎಲ್‌ನವರು.