‘ಶುಗರ್ ಬಾರ್ಡರ್‌ನಲ್ಲಿದೆ’ ಎಂದ ಮೇಲೆ

‘ಶುಗರ್ ಬಾರ್ಡರ್‌ನಲ್ಲಿದೆ, ಅನ್ನ ಕಡಿಮೆ ಮಾಡಿ, ದಿನಾ ನಡೀರಿ’ ಎಂಬ ಮಾತು ಕೇಳಿದವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಆರು ತಿಂಗಳಾದರೂ ಅದನ್ನು ಪಾಲಿಸುತ್ತಿರುವವರು ಕಡಿಮೆ. ಇದಕ್ಕೆ ಸೋಮಾರಿತನವೆಂದು ಹೆಸರಿಟ್ಟು ಕೈತೊಳೆದುಕೊಳ್ಳುವುದು ಅನ್ಯಾಯ. ಎಪ್ಪತ್ತು ವರ್ಷಗಳ ಸಂಶೋಧನೆಯೂ ಅದನ್ನು ಒಪ್ಪುವುದಿಲ್ಲ.

1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ಮನಶ್ಶಾಸ್ತ್ರಜ್ಞರು ಕ್ಷಯ ಪತ್ತೆಯ ಎಕ್ಸ್‌ರೇಗೆ ಜನ ಏಕೆ ಬರುವುದಿಲ್ಲ ಎಂದು ಹುಡುಕಹೊರಟರು. ರೋಗ ನನಗೂ ಬರಬಹುದು, ಪರೀಕ್ಷೆಯಿಂದ ಪ್ರಯೋಜನವಿದೆ ಎಂಬ ನಂಬಿಕೆಗಳೇ ಮುಖ್ಯ ಎಂದು ಅವರಿಗೆ ತೋರಿತು. 1977ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಇದಕ್ಕೆ ‘ನನ್ನ ಕೈಲಾಗುತ್ತದೆ’ ಎಂಬ ಭರವಸೆಯನ್ನು ಸೇರಿಸಿದರು. ಬದಲಾವಣೆ ಹಂತಹಂತವಾಗಿ ಆಗುತ್ತದೆ ಎಂದು 1983ರಲ್ಲಿ ಪ್ರೊಚಾಸ್ಕಾ ಮತ್ತು ಡಿಕ್ಲೆಮೆಂಟೆ ಧೂಮಪಾನ ಬಿಡುವವರನ್ನು ಅಧ್ಯಯನ ಮಾಡಿ ಹೇಳಿದರು.

ಮಧುಮೇಹವನ್ನು ತಡೆಯಬಹುದು ಎಂಬುದು ಚೀನಾದ ದಾಚಿಂಗ್‌ನಲ್ಲಿ 1986ರಲ್ಲಿ ಶುರುವಾದ ಅಧ್ಯಯನದಿಂದಲೂ ಆಮೇಲೆ ಫಿನ್ಲೆಂಡಿನ ಅಧ್ಯಯನದಿಂದಲೂ ಖಚಿತವಾಯಿತು. ಆದರೆ ಮನಸ್ಸಿನ ಕೆಲಸ ಬಿಡಿಬಿಡಿಯಾಗಿ ಕಾಣುವುದು 2002ರಲ್ಲಿ ಫಲಿತಾಂಶ ಪ್ರಕಟಿಸಿದ ಅಮೆರಿಕದ ಮಧುಮೇಹ ತಡೆ ಕಾರ್ಯಕ್ರಮದಲ್ಲಿ. 3,234 ಜನರಲ್ಲಿ ಜೀವನಶೈಲಿ ಗುಂಪಿಗೆ ಸೇರಿದವರಿಗೆ 7% ತೂಕ ಇಳಿಕೆ ಮತ್ತು ವಾರಕ್ಕೆ 150 ನಿಮಿಷ ವ್ಯಾಯಾಮದ ಗುರಿ ಕೊಟ್ಟು, ಪ್ರತಿಯೊಬ್ಬರಿಗೂ ಒಬ್ಬ ತರಬೇತುದಾರರನ್ನು ನೇಮಿಸಿದರು. ಹದಿನಾರು ಪಾಠಗಳಲ್ಲಿ ತಿಂದದ್ದನ್ನು ಬರೆದಿಡುವುದಷ್ಟೇ ಅಲ್ಲ, ‘ಇವತ್ತು ಕೆಟ್ಟಿತು, ಇನ್ನೇಕೆ’ ಎನ್ನುವ ಮನಸ್ಸಿಗೆ ಎದುರುತ್ತರ ಕೊಡುವುದೂ, ಎಡವಿದ ಮೇಲೆ ಮರಳಿ ದಾರಿಗೆ ಬರುವುದೂ ಇದ್ದವು. ಈ ಗುಂಪಿನಲ್ಲಿ ಮಧುಮೇಹ 58% ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆಯಿಂದ ಆದದ್ದು 31%. ಎಡವುವುದನ್ನು ಮೊದಲೇ ಲೆಕ್ಕಕ್ಕೆ ಹಿಡಿದದ್ದೇ ಆ ಪಾಠಗಳ ದೊಡ್ಡಗುಣ ಎಂದು ನನ್ನ ಅನಿಸಿಕೆ.

ಭಯ ಹುಟ್ಟಿಸಿದರೆ ಸಾಕೆಂಬ ನಂಬಿಕೆ ಇನ್ನೂ ಉಳಿದಿದೆ. ಆದರೆ ನಿಮ್ಮ ವಂಶವಾಹಿಯಲ್ಲೇ ಅಪಾಯ ಹೆಚ್ಚಿದೆ ಎಂದು ತಿಳಿಸಿದರೂ ತಡೆ ಕಾರ್ಯಕ್ರಮದಲ್ಲಿ ಜನರ ಪಾಲ್ಗೊಳ್ಳುವಿಕೆ ಹೆಚ್ಚಲಿಲ್ಲ ಎಂದು 2013ರ ಒಂದು ಅಮೆರಿಕನ್ ಪ್ರಯೋಗ ತೋರಿಸಿತು. ಜರ್ಮನಿಯ ಮನಶ್ಶಾಸ್ತ್ರಜ್ಞ ರಾಲ್ಫ್ ಶ್ವಾರ್ಟ್ಸರ್ ಹೇಳುತ್ತಿದ್ದುದೂ ಇದನ್ನೇ: ಮನಸ್ಸು ಮಾಡುವುದು ಬೇರೆ, ಮಾಡುವುದು ಬೇರೆ, ನಡುವೆ ಯೋಜನೆ ಬೇಕು. ‘ನಾಳೆಯಿಂದ ನಡೀತೀನಿ’ ಎನ್ನುವುದು ಆಸೆ. ‘ಸಂಜೆ ಒಂದು ಸ್ಟಾಪ್ ಮೊದಲೇ ಬಸ್ ಇಳಿದು ನಡೀತೀನಿ, ಮಳೆ ಬಂದರೆ ಮನೆಯ ಮೆಟ್ಟಿಲನ್ನೇ ಹತ್ತಿಳೀತೀನಿ’ ಎನ್ನುವುದು ಯೋಜನೆ. ಫಿನ್ಲೆಂಡಿನ ಲಾಹ್ತಿಯಲ್ಲಿ ನಡೆದ ಮಧುಮೇಹ ತಡೆಯ ಗುಂಪುಪಾಠಗಳು ಈ ತಿಳಿವಿನ ಮೇಲೆ ನಿಂತಿದ್ದವು.

ಭಾರತದಲ್ಲಿ ಚೆನ್ನೈನ ಎ. ರಾಮಚಂದ್ರನ್ ತಂಡ 537 ಉದ್ಯೋಗಸ್ಥ ಗಂಡಸರಲ್ಲಿ ಅರ್ಧದಷ್ಟು ಜನರಿಗೆ, ಅವರವರ ಮನಸ್ಸು ಯಾವ ಹಂತದಲ್ಲಿದೆಯೆಂದು ನೋಡಿ ಮೊಬೈಲ್ ಸಂದೇಶ ಕಳಿಸಿತು. ಎರಡು ವರ್ಷದಲ್ಲಿ ಮಧುಮೇಹ ಬಂದದ್ದು ಸಂದೇಶ ಪಡೆದವರಲ್ಲಿ 18%, ಪಡೆಯದವರಲ್ಲಿ 27%. 2018ರಲ್ಲಿ ವರದಿಯಾದ ಕೇರಳದ ಪ್ರಯೋಗ ನೆರೆಹೊರೆಯವರನ್ನೇ ಗುಂಪಿನ ಮುಂದಾಳುಗಳನ್ನಾಗಿಸಿತು. ಮದ್ಯಪಾನ ಇಳಿಯಿತು, ಹಣ್ಣು ತರಕಾರಿ ಹೆಚ್ಚಿತು. ಮಧುಮೇಹ ಮಾತ್ರ ಸ್ಪಷ್ಟವಾಗಿ ತಗ್ಗಲಿಲ್ಲ. ನಮ್ಮಲ್ಲಿ ಊಟದ ನಿರ್ಧಾರ ಒಬ್ಬರದಲ್ಲ. ಹಾಗಾಗಿ ಮುಂದಿನ ಪ್ರಯೋಗಗಳು ರೋಗಿಯ ಮನಸ್ಸಿನ ಜೊತೆಗೆ ಅಡುಗೆ ಮಾಡುವವರ, ‘ಇನ್ನೊಂದು ತುತ್ತು’ ಎಂದು ಬಡಿಸುವವರ ಮನಸ್ಸನ್ನೂ ಅಳೆಯಬೇಕಿದೆ.