ಗಾಂಧಿ ಬಜಾರಿಗೆ ಬಂದ ಕಡಲು

ಗಾಂಧಿ ಬಜಾರಿನಿಂದ ಕಡಲು ರಸ್ತೆಯಲ್ಲಿ 300 ಕಿ.ಮೀ.ಗೂ ಹೆಚ್ಚು ದೂರ. ಅದನ್ನು 1997ರಲ್ಲಿ ಮನೆಯೊಳಗೆ ತಂದದ್ದು ದೂರದರ್ಶನದ ಮೆಟ್ರೊ ವಾಹಿನಿಯ ಹಿಂದಿ ಧಾರಾವಾಹಿ ‘ಸೀ ಹಾಕ್ಸ್’. ಓಂ ಪುರಿ ಅದರಲ್ಲಿದ್ದರು. ಮರುವರ್ಷ ಕನ್ನಡದ ‘ಶಾಂತಿ ಶಾಂತಿ ಶಾಂತಿ’ ಚಿತ್ರದಲ್ಲಿ ನಟಿಸಿದ ಮಾಧವನ್ ಕೂಡ ಇದ್ದರು.

ಸಮವಸ್ತ್ರ, ಹಡಗು, ಗುಂಡಿನ ಕಾಳಗ ಕಂಡ ನೋಡುಗರಿಗೆ ಇದು ನೌಕಾಪಡೆಯ ಕಥೆ ಎನಿಸುವುದು ಸಹಜ. ಆದರೆ ಅದು ಕೋಸ್ಟ್ ಗಾರ್ಡ್‌ನ ಕಥೆ. ನೌಕಾಪಡೆಯ ಮುಖ್ಯ ಹೊಣೆ ಯುದ್ಧ. ಇವರದು ಕಳ್ಳಸಾಗಣೆ ತಡೆ, ಪ್ರಾಣರಕ್ಷಣೆ. ಸಮುದ್ರದ ಕಳ್ಳಸಾಗಣೆ ಮಿತಿಮೀರಿದಾಗ, ರುಸ್ತುಂಜಿ ಸಮಿತಿಯ ಶಿಫಾರಸಿನಂತೆ 1977ರಲ್ಲಿ ಈ ಪಡೆ ಹುಟ್ಟಿತು. 1978ರಲ್ಲಿ ಕಾಯ್ದೆಯ ಬಲ ಪಡೆಯಿತು. ಪಣಂಬೂರಿನಲ್ಲಿ ಅದರ ನೆಲೆಯಿದೆ.

ಪರದೆಯ ಮೇಲಿನ ಗುಂಡಿನ ಸದ್ದಿಗೆ ನಾವು ರೋಮಾಂಚನಗೊಳ್ಳುತ್ತೇವೆ. ಮಲ್ಪೆಯ ಮೀನುಗಾರನ ಮನೆಯವರಿಗಾದರೋ, ಬಿರುಗಾಳಿಯಲ್ಲಿ ಕೆಟ್ಟು ನಿಂತ ದೋಣಿಯತ್ತ ಬರುವ ಹಡಗೇ ದೊಡ್ಡ ಸಾಹಸ.